ಭಾವನ ಕಾಡಿಗೆ ಹಕ್ಕುಪತ್ರ

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ರಂಗನಾಥ ವರಸೆಯಲ್ಲಿ ಭಾವ. ತಮ್ಮ ಕುಸುಮಾಲೆಯನ್ನು ಮದುವೆಯಾದವನಲ್ಲವೇ! ದೇವರ ಜತೆಗೇ ನಂಟಸ್ತಿಕೆ ಇಟ್ಟುಕೊಂಡ ಈ ಜನ, ಕಾಡಿನ ಜತೆಗಿನ ನಂಟಿಗೆ ಮಾತ್ರ ಕಾಗದ ತೋರಿಸಬೇಕಾಗಿ ಬಂತು.

ಮೀಸಲು ಅರಣ್ಯ, 1972ರ ವನ್ಯಜೀವಿ ಕಾಯ್ದೆ, 1974ರ ಅಭಯಾರಣ್ಯ. ಇಷ್ಟಾಗುವಷ್ಟರಲ್ಲಿ ಜಾಗ ಬದಲಿಸುತ್ತಾ ರಾಗಿ ಬಿತ್ತುವ ಬೇಸಾಯ ನಿಂತು, ಸೋಲಿಗರ ಹಾಡಿಗಳಾದ ಪೋಡುಗಳು ಒಂದೆಡೆ ನೆಲೆಯೂರಿದ್ದವು. ಉಳಿದದ್ದು ಜೇನು, ನೆಲ್ಲಿಕಾಯಿ, ಪಾಚಿ. ಅವನ್ನು ಕೊಳ್ಳಲು ಲ್ಯಾಂಪ್ಸ್ ಎಂಬ ಆದಿವಾಸಿಗಳ ಸಹಕಾರ ಸಂಘ.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದನ್ನು ಮುಂದಿಟ್ಟುಕೊಂಡು 2006ರ ಹೊತ್ತಿಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ತರುವುದನ್ನು ನಿಲ್ಲಿಸಲಾಯಿತು. ತಮಾಷೆಯೆಂದರೆ, ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಅರಣ್ಯ ಹಕ್ಕು ಕಾಯ್ದೆ ಅದೇ ಉತ್ಪನ್ನದ ಒಡೆತನವನ್ನು ಕಾಡಿನ ಜನರಿಗೆ ಕೊಟ್ಟಿತು. ನೆಲ್ಲಿಕಾಯಿ ಕೊಯ್ದವನು ಯಾವ ಕಾಯ್ದೆಯ ಕೆಳಗೆ ಕೊಯ್ದ ಅನ್ನುವುದೇ ಜಗಳವಾಯಿತು.

2008ರಲ್ಲಿ ನಿಯಮಗಳು ಬಂದವು: ಗ್ರಾಮಸಭೆ, ಅರಣ್ಯ ಹಕ್ಕು ಸಮಿತಿ, ಜಮೀನಿಗೆ ನಮೂನೆ 'ಎ', ಸಮುದಾಯಕ್ಕೆ 'ಬಿ'. ದಾಖಲೆ ಎಲ್ಲಿಂದ ತರಬೇಕು? ಹಿರಿಯರ ಹೇಳಿಕೆ, ದೇವರ ಜಾಗ, ಸಮಾಧಿ ಇವೂ ಸಾಕ್ಷ್ಯವೇ ಎಂದಿದ್ದವು ನಿಯಮ. ಸೋಲಿಗರ ಕಾಡು ಕುಲಕ್ಕೊಂದು ಯಲ್ಲೆಯಾಗಿ ಹಂಚಿಕೊಂಡದ್ದು. ಒಂದೊಂದು ಯಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ಅಬ್ಬಿ ಎಂಬ ಪವಿತ್ರ ತಾಣಗಳು. ಹಿರಿಯರು ತೋರಿಸುತ್ತಾ ಹೋದಂತೆ ಸೋಲಿಗರೂ ಸಂಶೋಧಕರೂ ಇವನ್ನು ಜಿಪಿಎಸ್ ಹಿಡಿದು ಗುರುತು ಮಾಡಿದರು. ಕಲಮುಗಳನ್ನು ಬಾಯಿಪಾಠ ಮಾಡಿಸುವ ತರಬೇತಿ ಶಿಬಿರಗಳಿಗಿಂತ ಹಕ್ಕಿನ ಪಾಠ ಆ ನಡಿಗೆಯಲ್ಲೇ ಚೆನ್ನಾಗಿ ಆಯಿತು ಅನ್ನಬೇಕು. ಅಜ್ಜ ಹೇಳುತ್ತಿದ್ದ ಕಲ್ಲಿನ ಕಥೆ ಅರ್ಜಿಯ ತೂಕಕ್ಕೆ ಬಂದಿತ್ತು.

ಅಷ್ಟರಲ್ಲಿ, 2011ರ ಜನವರಿಯಲ್ಲಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಎಬ್ಬಿಸಿಬಿಡುತ್ತಾರೆ ಎಂಬ ದಿಗಿಲು ಪೋಡುಗಳಲ್ಲಿ. ಆದರೆ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ದೇಶದ ಹುಲಿ ಕಾಡುಗಳಲ್ಲಿ ಇದೇ ಮೊದಲು. ಜನರಿದ್ದರೆ ಹುಲಿ ಉಳಿಯದು ಎನ್ನುವವರು 2010ರ 35 ಹುಲಿ 2014ಕ್ಕೆ 68 ಆದ ಲೆಕ್ಕವನ್ನೂ ಒಮ್ಮೆ ನೋಡಬೇಕು.

ತಕರಾರು ಈಗ ಬೆಂಕಿಯದು. ಬೇಸಿಗೆ ಮೊದಲಲ್ಲಿ ತರಗೆಲೆಗಷ್ಟೇ ಹಚ್ಚುತ್ತಿದ್ದ ತರಗು ಬೆಂಕಿ ನಿಂತು ದಶಕಗಳಾದವು. ಅದು ನಿಂತ ಮೇಲೇ ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು, ಲಂಟಾನ ಎದ್ದಿತು ಎನ್ನುತ್ತಾರೆ ಸೋಲಿಗರು. ಹಕ್ಕುಪತ್ರ ಕೈಯಲ್ಲಿದ್ದರೂ ಆಳೆತ್ತರದ ಆ ಮುಳ್ಳುಪೊದೆ ಸವರಿ ದಾರಿ ಮಾಡಿಕೊಂಡೇ ನೆಲ್ಲಿಮರ ಮುಟ್ಟಬೇಕು.