ಭಾವನೆಗೆ ಧಕ್ಕೆ ಎಂದು ದೂರು ಬರೆಸುವ ಮುನ್ನ

ಕೋಲಾರದ ನನ್ನ ಕಚೇರಿಗೆ ಮೊನ್ನೆ ಊರೊಂದರ ಹಿರಿಯರು ಮೂವರು ಬಂದರು. "ಲಾಯರ್ ಸಾರ್, ಆ ಹುಡುಗ ನಮ್ಮ ದೇವ್ರ ಮೇಲೆ ವಾಟ್ಸಾಪಲ್ಲಿ ಬರ್ದವ್ನೆ, ಕೇಸ್ ಹಾಕ್ಬೇಕು" ಎಂದರು. ಫೋನು ಈಸಿಕೊಂಡು ಓದಿದೆ. ದೇವರ ಬಗ್ಗೆ ಒಂದು ಮಾತೂ ಇರಲಿಲ್ಲ. 'ಗುಡಿಗೆ ನಮ್ಮ ಕೇರಿಯ ಚಂದಾ ಬೇಕು, ಗುಡಿಯೊಳಗೆ ನಾವು ಬೇಡ. ಇದೆಂಥ ಭಕ್ತಿ?' ಎಂದಷ್ಟೇ ಇತ್ತು.

ಧಾರ್ಮಿಕ ಭಾವನೆಗೆ ಧಕ್ಕೆ ತಂದವರ ಮೇಲೆ ಹಾಕುತ್ತಿದ್ದ, ಹಿಂದಿನ ಐಪಿಸಿಯ (ಭಾರತೀಯ ದಂಡ ಸಂಹಿತೆಯ) 295ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ಮನಸ್ಸು ನೋಯಿತು ಎಂಬುದೊಂದೇ ಅದಕ್ಕೆ ಸಾಲದು. ಬೇಕೆಂದೇ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿರಬೇಕು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದದ್ದೇ ಅದು ಅಂಥ ಅವಮಾನಕ್ಕೆ ಮಾತ್ರ ತಗಲುತ್ತದೆ ಎಂಬ ಕಾರಣಕ್ಕೆ. ಹುಡುಗ ದೇವಿಯನ್ನು ಹೊಲಸು ಮಾತಿನಲ್ಲಿ ಬೈದು ಜನರನ್ನು ಕೆರಳಿಸಿದ್ದರೆ ನನ್ನ ಸಲಹೆಯೇ ಬೇರೆ ಇರುತ್ತಿತ್ತು. ಅವನು ಕೇಳಿದ್ದು ಪ್ರಶ್ನೆ.

"ಹಂಗಾದ್ರೆ ನಮ್ಮ ಪದ್ಧತಿಗೆ ಸ್ವಾತಂತ್ರ್ಯ ಇಲ್ವಾ ಸಾರ್?"

ಇದೆ. ಆದರೆ ಸಂವಿಧಾನದ 25ನೇ ವಿಧಿ ಆ ಸ್ವಾತಂತ್ರ್ಯವನ್ನು ಕೊಡುವಾಗಲೇ ಅದನ್ನು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಡಿಸಿದೆ. ಸಾರ್ವಜನಿಕ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಯುವ ಕಾನೂನು ಮಾಡಲು ಸರ್ಕಾರಕ್ಕೆ ಅಧಿಕಾರವನ್ನೂ ಅಲ್ಲೇ ಕೊಟ್ಟಿದೆ. ನಮ್ಮದೇ ನಾಡಿನ ಮೂಲ್ಕಿ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ, ಅದೂ 1957ರಲ್ಲೇ, ಸುಪ್ರೀಂ ಕೋರ್ಟ್ ಎರಡೂ ಕಡೆಯನ್ನು ತೂಗಿತು. ಕೆಲವು ವಿಶೇಷ ಸೇವೆಗಳನ್ನು ಆ ದೇವಸ್ಥಾನ ಯಾವ ಪಂಗಡದ್ದೋ ಆ ಪಂಗಡದವರು ತಮಗೇ ಇಟ್ಟುಕೊಳ್ಳಬಹುದು, ಬಾಗಿಲಲ್ಲೇ ಬೇರೆಯವರನ್ನು ತಡೆಯುವಂತಿಲ್ಲ ಎಂದಿತು. ನಾನು ಕಂಡ ತೀರ್ಪುಗಳಲ್ಲಿ ನ್ಯಾಯದ ತಕ್ಕಡಿ ಇಷ್ಟು ಎಚ್ಚರದಿಂದ ಹಿಡಿದದ್ದು ಅಪರೂಪ.

ಹಿರಿಯರಿಗೆ ಇನ್ನೊಂದನ್ನೂ ಹೇಳಲೇಬೇಕಾಯಿತು. ಠಾಣೆಗೆ ಹೋದರೆ ಮೊದಲು ಏಳುವುದು ಗುಡಿಯ ಬಾಗಿಲಿನ ಪ್ರಶ್ನೆ. ಪರಿಶಿಷ್ಟರನ್ನು ಸಾರ್ವಜನಿಕ ಗುಡಿಯೊಳಗೆ ಬಿಡದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಬಂಧನಕ್ಕೆ ಮುಂಚೆಯೇ ಪಡೆಯುವ ನಿರೀಕ್ಷಣಾ ಜಾಮೀನಿಗೂ ಆ ಕಾಯ್ದೆ ಅಡ್ಡ ನಿಲ್ಲುತ್ತದೆ.

2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೂರ್ತಿಗೆ ಜೋಡಿಸಿದ ಗುಜ್ಜುಕೋಲು ಮುಟ್ಟಿದ ದಲಿತ ಬಾಲಕನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ ಸುದ್ದಿ ದೇಶವೆಲ್ಲ ಓದಿತು. ಅದನ್ನು ನೆನೆದರೆ ಇಂದಿಗೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದನ್ನು ಪ್ರಶ್ನಿಸಿ ಬರೆದವರು ಧರ್ಮಕ್ಕೆ ಯಾವ ಅವಮಾನವನ್ನೂ ಮಾಡಲಿಲ್ಲ.

ಜಾತ್ರೆಗೆ ಮುಂಚೆಯೇ ಆ ಕೇರಿಯವರ ಜೊತೆ ಕೂತು ಮಾತಾಡಿ, ಬೇಕಿದ್ದರೆ ತಹಶೀಲ್ದಾರರ ಎದುರೇ ಕೂರಿ ಎಂದೆ. ಒಬ್ಬರು, ಹುಡುಗನ ಅಪ್ಪನನ್ನು ಮಾತಾಡಿಸುತ್ತೇನೆ ಎಂದರು. ಉಳಿದಿಬ್ಬರು ಏನೂ ಹೇಳದೆ ಎದ್ದರು.