ಚಿತ್ರದುರ್ಗದ ಕಲ್ಲಲ್ಲಿ ಏರೋಪ್ಲೇನ್ ಚಿಟ್ಟೆ ಯಾಕೆ ಸಿಗೋದಿಲ್ಲ?

ಪ್ರಶ್ನೆ: "ಸರ್, ಏರೋಪ್ಲೇನ್ ಚಿಟ್ಟೆಯ ಹೊಸ ಸಂಬಂಧಿಯೊಂದನ್ನು ಕೆನಡಾದ ಪಳೆಯುಳಿಕೆಗಳಲ್ಲಿ ಗುರುತಿಸಿದ್ದಾರಂತೆ. ನಮ್ಮ ದುರ್ಗದ ಕಲ್ಲು ಅಲ್ಲಿನದಕ್ಕಿಂತ ಎಷ್ಟೋ ಹಳೇದು. ಹಾಗಿದ್ದ ಮೇಲೆ ಇನ್ನೂ ಹಳೇ ಚಿಟ್ಟೆ ನಮ್ಮಲ್ಲೇ ಸಿಗಬೇಕಲ್ವಾ?" (ಹೊಳಲ್ಕೆರೆಯ ಓದುಗರು)

ಸಿಗುವುದಿಲ್ಲ. ಊರು, ಹೆಸರು ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ ಬರುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ಓದಿಸಿ.

ಮೊದಲು ಆ ಕೆನಡಾದ ಸುದ್ದಿ. ಕೀಟತಜ್ಞರಾದ ಬ್ರೂಸ್ ಆರ್ಚಿಬಾಲ್ಡ್, ರಾಬರ್ಟ್ ಕ್ಯಾನಿಂಗ್ಸ್ ಮತ್ತು ಸಂಗಡಿಗರು 2021ರಲ್ಲಿ ಏರೋಪ್ಲೇನ್ ಚಿಟ್ಟೆಗಳ (ಡ್ರ್ಯಾಗನ್‌ಫ್ಲೈ) ಗಣದಲ್ಲಿ ಸೆಫಲೊಝೈಗಾಪ್ಟೆರಾ ಎಂಬ ಹೊಸ ಉಪಗಣವನ್ನೇ, ಅಂದರೆ ಒಂದು ದೊಡ್ಡ ಒಳಗುಂಪನ್ನೇ, ಸೂಚಿಸಿದರು. ಬ್ರಿಟಿಷ್ ಕೊಲಂಬಿಯಾ ಮತ್ತು ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಕ್ಕ, ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳು ಅವರ ಆಧಾರ. ಈ ಗುಂಪಿನ ಕೀಟ ಹೊಸದಾಗಿ ಸಿಕ್ಕಿದ್ದೇನಲ್ಲ. 1878ರಲ್ಲೇ ಅಮೆರಿಕದ ವಯೋಮಿಂಗ್‌ನಿಂದ ಒಂದನ್ನು ವರ್ಣಿಸಿದ್ದರು. ರೆಕ್ಕೆ ನೋಡಿ ಎಲ್ಲರೂ ಅದನ್ನು ಡ್ಯಾಮ್‌ಸೆಲ್‌ಫ್ಲೈ ಗುಂಪಿಗೆ ಸೇರಿಸಿಬಿಟ್ಟಿದ್ದರು. ಡ್ಯಾಮ್‌ಸೆಲ್‌ಫ್ಲೈ ಅಂದರೆ ಭದ್ರಾ ನಾಲೆಯ ದಡದ ಹುಲ್ಲಿನ ಮೇಲೆ ರೆಕ್ಕೆ ಮಡಚಿ ಕೂರುತ್ತದಲ್ಲ, ಆ ಸಣಕಲು ಜಾತಿ. ಮುಂದಿನ ಸಲ ಅದರ ಮುಖವನ್ನು ಹತ್ತಿರದಿಂದ ನೋಡಿ. ಎರಡು ಕಣ್ಣು ತಲೆಯ ಎರಡು ತುದಿಗೆ, ನಡುವೆ ಚೆನ್ನಾಗಿ ಜಾಗ ಬಿಟ್ಟು ಕೂತಿರುತ್ತವೆ. ಕೆನಡಾದ ಈ ಕೀಟಗಳ ತಲೆ ಗುಂಡಗಿದೆ, ಕಣ್ಣುಗಳು ತಲೆಗೇ ಒತ್ತಿಕೊಂಡಿವೆ. ರೆಕ್ಕೆ ಒಂದು ಮಾತು ಹೇಳಿದರೆ ತಲೆ ಇನ್ನೊಂದು ಹೇಳುತ್ತಿತ್ತು. ಇದು ಇಷ್ಟು ತಡವಾಗಿ ಗೊತ್ತಾಗಲು ಕಾರಣವೂ ಸರಳ. ಹಕ್ಕಿ ಮೈಯನ್ನು ತಿಂದು ರೆಕ್ಕೆ ಉದುರಿಸುತ್ತದೆ. ಕೆರೆಯ ತಳದ ಕೆಸರಿಗೆ ಸೇರುವುದು ಹೆಚ್ಚಾಗಿ ರೆಕ್ಕೆಯೇ, ತಲೆ ಅಪರೂಪ. 2021ರಲ್ಲೇ ಆಂದ್ರೆ ನೆಲ್ ಮತ್ತು ಡರಾನ್ ಝೆಂಗ್ ಎಂಬ ಇನ್ನಿಬ್ಬರು ಪಳೆಯುಳಿಕೆ ತಜ್ಞರು ತಕರಾರು ತೆಗೆದು ಈ ಹೊಸ ಉಪಗಣವನ್ನೇ ಪ್ರಶ್ನಿಸಿದರು ಎಂಬುದನ್ನೂ ಹೇಳಬೇಕು. ವಿಜ್ಞಾನ ನಡೆಯುವುದೇ ಹೀಗೆ.

ಈಗ ನಮ್ಮ ಕಲ್ಲಿಗೆ ಬರೋಣ. "ಕಲ್ಲು ಹಳೇದಾದಷ್ಟೂ ಅದರಲ್ಲಿ ಹಳೇ ಜೀವಿ ಇರುತ್ತೆ" ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಕಾಲೇಜು ಓದಿದವರ ಬಾಯಲ್ಲೂ ಕೇಳಿದ್ದೇನೆ. ಇದು ಪೂರ್ತಿ ತಪ್ಪು.

ಏಳುಸುತ್ತಿನ ಕೋಟೆ ನಿಂತಿರುವ ಬಂಡೆ ಗ್ರಾನೈಟ್. ವಯಸ್ಸು ಸುಮಾರು 260 ಕೋಟಿ ವರ್ಷ. ನೆಲದ ಆಳದಲ್ಲಿ ಕಲ್ಲು ಕರಗಿ, ನಿಧಾನವಾಗಿ ಆರಿ, ಹರಳುಗಟ್ಟಿ ಆದದ್ದು ಅದು. ಆ ಕಾವಿನಲ್ಲಿ, ಆ ಆಳದಲ್ಲಿ ಯಾವ ಚಿಟ್ಟೆ ಹಾರೀತು? ಗ್ರಾನೈಟ್ ನಿನ್ನೆಯದಾಗಿದ್ದರೂ ಅದರಲ್ಲಿ ಪಳೆಯುಳಿಕೆ ಇರುತ್ತಿರಲಿಲ್ಲ. ಕೋಟೆಯಾಚೆ, ಭೀಮಸಮುದ್ರದ ಕಡೆಯ ಅದಿರಿನ ಗುಡ್ಡಗಳದು ಧಾರವಾಡ ಶಿಲೆ, ಗ್ರಾನೈಟಿಗಿಂತಲೂ ಹಳೆಯದು. ಮರಡಿಹಳ್ಳಿಯಲ್ಲಿ ಲಾವಾ ಸಮುದ್ರದ ನೀರಿನೊಳಗೆ ಉಕ್ಕಿ, ಥಟ್ಟನೆ ಆರಿ, ಉಂಡೆ ಉಂಡೆಯಾಗಿ ಗಟ್ಟಿಯಾಗಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವ ಜಾಗ ಅದು. ಜಿಲ್ಲೆಯವರೇ ಎಷ್ಟೋ ಮಂದಿ ಅದನ್ನು ನೋಡಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಭೂಮಿಯ ಮೇಲೆ ಕೀಟಗಳು ಕಾಣಿಸಿಕೊಂಡದ್ದು ಸುಮಾರು 40 ಕೋಟಿ ವರ್ಷದ ಹಿಂದೆ. ನಮ್ಮ ಕಲ್ಲು ಗಟ್ಟಿಯಾಗಿ 200 ಕೋಟಿಗೂ ಹೆಚ್ಚು ವರ್ಷ ಕಳೆದ ಮೇಲೆ! ಅಲ್ಲಿ ಚಿಟ್ಟೆ ಹುಡುಕುವುದು ಅಜ್ಜನ ಮದುವೆ ಫೋಟೋದಲ್ಲಿ ಮೊಮ್ಮಗನನ್ನು ಹುಡುಕಿದ ಹಾಗೆ. ನಮ್ಮ ಸುಣ್ಣದಕಲ್ಲಿನಲ್ಲಿ ಜೀವದ ಗುರುತು ಇಲ್ಲವೇ ಇಲ್ಲ ಅಂತಲ್ಲ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಆ ಕಾಲದ ಜೀವಲೋಕ ಅಷ್ಟೇ.

ಇಷ್ಟು ಹೇಳಿದ ಮೇಲೂ ಒಬ್ಬರು ಎದ್ದು ನಿಲ್ಲುತ್ತಾರೆ: "ಆದ್ರೆ ಸರ್, ಕಲ್ಲಲ್ಲಿ ಎಲೆ ಅಚ್ಚು ನಾನೇ ಕಣ್ಣಾರೆ ನೋಡಿದೀನಿ." ನೋಡಿರುತ್ತೀರಿ. ಅದು ಎಲೆಯಲ್ಲ, ಮ್ಯಾಂಗನೀಸ್. ಕಲ್ಲಿನ ಬಿರುಕಿಗೆ ಇಳಿದ ನೀರು ಮ್ಯಾಂಗನೀಸನ್ನು ಹೊತ್ತು ತಂದು, ಕವಲು ಕವಲಾಗಿ ಕಪ್ಪಗೆ ಬಿಟ್ಟು ಹೋಗಿರುತ್ತದೆ. ಇದನ್ನು ಡೆಂಡ್ರೈಟ್ ಅನ್ನುತ್ತಾರೆ. ಭೂತಗನ್ನಡಿ ಹಿಡಿದು ನೋಡಿ. ಕವಲುಗಳು ಬಿರುಕಿನ ಅಂಚಿನಿಂದ ಹೊರಟು ಮನಸ್ಸಿಗೆ ಬಂದತ್ತ ಒಡೆದಿರುತ್ತವೆ, ನಡುವಿನ ದಂಟಿಲ್ಲ, ನರವಿಲ್ಲ. ಅಂಚಿನಲ್ಲಿ ಒಂದು ಚಕ್ಕೆ ಎಬ್ಬಿಸಿದರೆ ಬಣ್ಣ ಬರೀ ಮೇಲಿನ ಪೊರೆ ಎಂದು ತಿಳಿಯುತ್ತದೆ. ಏರೋಪ್ಲೇನ್ ಚಿಟ್ಟೆಯ ರೆಕ್ಕೆಗೆ ಹೀಗೆ ಮನಬಂದಂತೆ ಇರಲು ಆಗುವುದಿಲ್ಲ. ಮುಂದಿನ ಅಂಚಿನ ಮಧ್ಯದಲ್ಲಿ ಒಂದು ಗಂಟು, ತುದಿಯ ಹತ್ತಿರ ಒಂದು ಬಣ್ಣದ ಚುಕ್ಕೆ, ಉಳಿದ ಕಡೆಯೆಲ್ಲ ನರಗಳು ಹೆಣೆದ ಪುಟ್ಟ ಪುಟ್ಟ ಕೋಣೆಗಳು. ಸತ್ತು ಬಿದ್ದ ಒಂದು ಚಿಟ್ಟೆಯ ರೆಕ್ಕೆ ಎತ್ತಿಕೊಂಡು ಬಿಸಿಲಿಗೆ ಹಿಡಿಯಿರಿ, ಮೂರೂ ಕಾಣುತ್ತವೆ.

ಅಂದರೆ ನೋಡಬೇಕಾದದ್ದು ಬರೀ ವಯಸ್ಸಲ್ಲ, ಕಲ್ಲಿನ ಜಾತಿ. ತಕ್ಕ ಕಾಲದ ಕೆರೆ, ಅಲ್ಲಾಡದ ನೀರು, ನುಣ್ಣನೆಯ ಹೂಳು, ಆಮೇಲೆ ಯಾರೂ ಕೆಡಿಸದೆ ಬಿಟ್ಟ ಪದರ. ಇಲ್ಲದಿದ್ದರೆ ಮರದ ಅಂಟು, ಅದು ಗಟ್ಟಿಯಾಗಿ ಕಲ್ಲಿನಂತಾದರೆ ಅಂಬರ್. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, ಕೆನಡಾದ ಆ ಕೆರೆಗಳಷ್ಟೇ ಹಳೆಯ ಅಂಬರ್‌ನಲ್ಲಿ ಸಿಕ್ಕಿಕೊಂಡ 700ಕ್ಕೂ ಹೆಚ್ಚು ಕೀಟ ಮತ್ತಿತರ ಸಂಧಿಪದಿಗಳ ವಿವರ 2010ರಲ್ಲಿ ಪ್ರಕಟವಾಯಿತು. ಹುಡುಕುವ ಉತ್ಸಾಹ ಇರುವ ಹುಡುಗರು ಅಂಥ ಕಡೆ ಹೋಗಬೇಕು.

"ಡೈನೋಸಾರ್ ಕಾಲದ ಹದ್ದಿನ ಗಾತ್ರದ ಚಿಟ್ಟೆ" ಬಗ್ಗೆಯೂ ಕೇಳುತ್ತೀರಿ. ಫ್ರಾನ್ಸಿನ ಮೆಗನ್ಯೂರಾ ರೆಕ್ಕೆ ಬಿಚ್ಚಿದರೆ ಸುಮಾರು 65 ಸೆಂ.ಮೀ. ಇತ್ತು, ನಿಜ. ಆದರೆ ಅದು 30 ಕೋಟಿ ವರ್ಷದ ಹಿಂದಿನದು, ಡೈನೋಸಾರ್‌ಗಳು ಇನ್ನೂ ಹುಟ್ಟಿರಲಿಲ್ಲ. ಮೇಲೆ ಹೇಳಿದ ಆ ಗಂಟೂ ಅದರ ರೆಕ್ಕೆಯಲ್ಲಿಲ್ಲ. ಅದು ದಾಯಾದಿ, ಅಜ್ಜನಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ವಿಷಯವಿದೆ. ಮಳೆಗಾಲದ ಕೊನೆಗೆ ದಾವಣಗೆರೆ ಸುತ್ತಿನ ಗದ್ದೆಗಳ ಮೇಲೆ ಹಳದಿ ಮೈಯ ಏರೋಪ್ಲೇನ್ ಚಿಟ್ಟೆಗಳು ಹಿಂಡಾಗಿ ಹಾರುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ಪಂಟಾಲಾ ಫ್ಲಾವೆಸೆನ್ಸ್. ಮಳೆನೀರು ನಿಂತ ಗುಂಡಿಯಲ್ಲೇ ಮೊಟ್ಟೆಯಿಟ್ಟು, ಗುಂಡಿ ಒಣಗುವುದರೊಳಗೆ ಮರಿ ಬೆಳೆದು ಹಾರಿಬಿಡುವ ಜಾತಿ. ಪ್ರತಿ ಅಕ್ಟೋಬರ್‌ನಲ್ಲಿ ಇವು ಮಾಲ್ಡೀವ್ಸ್‌ಗೆ ಲಕ್ಷಗಟ್ಟಲೆ ಬಂದಿಳಿಯುವುದನ್ನು ಅಲ್ಲೇ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ ವರ್ಷಗಟ್ಟಲೆ ಗಮನಿಸಿದರು. ಭಾರತದಿಂದ ಗಾಳಿ ಹಿಡಿದು ಹೊರಟು, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ, ಮುಂದಿನ ತಲೆಮಾರುಗಳು ಮುಂಗಾರಿನೊಂದಿಗೆ ವಾಪಸ್ ಬರುತ್ತವೆ ಎಂದು 2009ರಲ್ಲಿ ಬರೆದರು.

ನಿಮ್ಮ ಹೊಲದ ಮೇಲೆ ಹಿಂಡು ಕಂಡರೆ ತಾರೀಖು, ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಚಿಟ್ಟೆಗಳು ಯಾವ ಕಡೆಗೆ ಹೋದವು, ಇಷ್ಟನ್ನು ಬರೆದು ಕಳಿಸಿ. ಡೆಂಡ್ರೈಟ್ ಫೋಟೋ ಮಾತ್ರ ಬೇಡ.