ಬೆನ್ನುಹುರಿಯ ಗಾಯ ಮತ್ತು ನಡೆಸುವ ಯಂತ್ರ

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಅಡಿಕೆ ಮರ ಹತ್ತಿ, ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟಾದವರನ್ನು ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಆಗಾಗ ನೋಡುತ್ತೇನೆ. ಅವರ ಮನೆಯವರು ಮೊಬೈಲಿನಲ್ಲಿ ರೋಬೋಟ್ ನಡಿಗೆಯ ವಿಡಿಯೋ ತೋರಿಸಿ, "ಈ ಮಿಷನ್ ಇದ್ದರೆ ಇವರು ನಡೀತಾರಲ್ಲ ಡಾಕ್ಟ್ರೇ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಲು ಗುದದ್ವಾರದ ಸುತ್ತಲಿನ ಸ್ಪರ್ಶಜ್ಞಾನವನ್ನು ಪರೀಕ್ಷಿಸಬೇಕು ಎಂದರೆ ಅವರಿಗೆ ವಿಚಿತ್ರವೆನಿಸುತ್ತದೆ. ಆದರೆ ಬೆನ್ನುಹುರಿಯ ಕಟ್ಟಕಡೆಯ ನರಗಳು ತಲುಪುವುದು ಅಲ್ಲಿಗೇ. ಅಲ್ಲಿ ಮುಟ್ಟಿದ್ದು ತಿಳಿದರೆ ಅಥವಾ ಸ್ನಾಯುವನ್ನು ಬಿಗಿಹಿಡಿಯಲು ಸಾಧ್ಯವಾದರೆ, ಪೆಟ್ಟಿನ ಜಾಗವನ್ನು ದಾಟಿ ಕೆಲವು ನರತಂತುಗಳಾದರೂ ಉಳಿದಿವೆ, ಗಾಯ ಅಪೂರ್ಣವಾಗಿದೆ ಎಂದರ್ಥ. ನಡಿಗೆ ಮರಳುವ ಸಾಧ್ಯತೆ ಹೆಚ್ಚಿರುವುದು ಇಂಥವರಲ್ಲಿ.

ಜೂರಿಚ್‌ನ ಬಾಲ್ಗ್ರಿಸ್ಟ್ ಆಸ್ಪತ್ರೆಯಲ್ಲಿ ರೂಪುಗೊಂಡ ಲೋಕೋಮ್ಯಾಟ್‌ನಂಥ ರೋಬೋಟ್ ಯಂತ್ರದಲ್ಲಿ ರೋಗಿಯನ್ನು ಪಟ್ಟಿಗಳಿಂದ ಟ್ರೆಡ್‌ಮಿಲ್‌ನ ಮೇಲೆ ತೂಗಿಸಿ, ದೇಹದ ಭಾರದ ಒಂದು ಪಾಲನ್ನು ಮೇಲಕ್ಕೆಳೆದು, ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಮೋಟಾರಿನಿಂದ ಚಲಿಸಲಾಗುತ್ತದೆ. ಪಾದದ ಮೇಲೆ ಬೀಳುವ ಭಾರವೂ ಹಿಂದಕ್ಕೆ ಚಾಚುವ ತೊಡೆಯೂ ಕೊಡುವ ಸಂಕೇತಗಳು, ಪೆಟ್ಟಿನ ಕೆಳಗೆ ಬೆನ್ನುಹುರಿಯಲ್ಲಿ ಉಳಿದಿರುವ ನಡಿಗೆಯ ನರಜಾಲವನ್ನು ಮತ್ತೆ ಮತ್ತೆ ಎಚ್ಚರಿಸುತ್ತವೆ. ಒಂದೇ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ಹೆಜ್ಜೆ ಹಾಕಿಸಬಹುದು. ಇದೇ ಕೆಲಸವನ್ನು ನಾವು ಇಬ್ಬರು ಥೆರಪಿಸ್ಟರು ಬಗ್ಗಿ ಕೂತು, ಆಚೀಚೆಯ ಕಾಲು ಹಿಡಿದು ಮಾಡುವಾಗ ರೋಗಿಗಿಂತ ಮೊದಲು ನಮ್ಮ ಸೊಂಟವೇ ಸೋಲುತ್ತದೆ.

ರೋಗಿ ಸುಮ್ಮನೆ ತೂಗಾಡುತ್ತಿದ್ದರೆ ನಡೆಯುವುದು ಯಂತ್ರ ಮಾತ್ರ. ಅವರ ಸ್ವಂತ ಪ್ರಯತ್ನ ಹೆಚ್ಚಿದಂತೆ ಮೋಟಾರಿನ ಸಹಾಯವನ್ನೂ ಎತ್ತಿಹಿಡಿದ ಭಾರವನ್ನೂ ಇಳಿಸುತ್ತ ಬರಬೇಕು. ಅಪೂರ್ಣ ಗಾಯವಾದ ಹೊಸ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಥೆರಪಿಸ್ಟರ ನೆರವಿನಿಂದ ಟ್ರೆಡ್‌ಮಿಲ್‌ನ ಮೇಲೆ ತೂಗಿಸಿ ನಡೆಸಿದವರಿಗೂ ಅಷ್ಟೇ ಹೊತ್ತು ನೆಲದ ಮೇಲೆ ಅಭ್ಯಾಸ ಮಾಡಿಸಿದವರಿಗೂ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ರೋಬೋಟ್ ಮಾಡಿಸುವುದೂ ಇದೇ ಬಗೆಯ ತೂಗಿಸಿದ ನಡಿಗೆಯನ್ನೇ. ಆದ್ದರಿಂದ ರೋಬೋಟ್ ಚಿಕಿತ್ಸೆಗೆಂದು ತೋಟ ಅಡವಿಡಲು ಹೊರಟವರನ್ನು ನಾನು ತಡೆಯುತ್ತೇನೆ.

ತಿಂಗಳುಗಟ್ಟಲೆ ಮಲಗಿದವರ ಮೂಳೆ ತೆಳುವಾಗಿರುತ್ತದೆ, ಪಟ್ಟಿ ಒತ್ತಿದಲ್ಲಿ ನೋವು ತಿಳಿಯದೆ ಹುಣ್ಣಾಗಬಹುದು. ಎದೆಯ ಆರನೆಯ ಬೆನ್ನುಹುರಿ ಭಾಗ ಅಥವಾ ಅದಕ್ಕಿಂತ ಮೇಲೆ ಗಾಯವಾದವರಿಗೆ ಹಠಾತ್ತಾಗಿ ತಲೆನೋವು, ಬೆವರು ಬಂದರೆ ಅದು ರಕ್ತದೊತ್ತಡ ಅಪಾಯಕಾರಿಯಾಗಿ ಏರಿದ ಸೂಚನೆಯಿರಬಹುದು; ಮೂತ್ರ ಕಟ್ಟಿಕೊಂಡರೂ ಹೀಗಾಗುತ್ತದೆ. ಕೂಡಲೇ ಯಂತ್ರ ನಿಲ್ಲಿಸಿ, ನೆಟ್ಟಗೆ ಕೂರಿಸಿ, ರಕ್ತದೊತ್ತಡ ನೋಡಿ, ಮೂತ್ರದ ಕೊಳವೆ ಮಡಚಿದೆಯೇ ಎಂದು ಪರಿಶೀಲಿಸುತ್ತೇವೆ.

ಟ್ರೆಡ್‌ಮಿಲ್‌ನ ಸಮತಟ್ಟು ಪಟ್ಟಿಯ ಮೇಲೆ ಬಂದ ನಡಿಗೆ ಜಗಲಿಯ ಮೆಟ್ಟಿಲಿಗೂ ಪಾಚಿಗಟ್ಟಿದ ಅಂಗಳಕ್ಕೂ ತಾನಾಗಿ ಒದಗುವುದಿಲ್ಲ. ಮುಂದಿನ ಭೇಟಿಗೆ ಬರುವಾಗ ಮೆಟ್ಟಿಲುಗಳ ಎತ್ತರ ಮತ್ತು ಬಚ್ಚಲುಮನೆಯ ಬಾಗಿಲಿನ ಅಗಲವನ್ನು ಅಳೆದು ಬರೆದು ತರುವಂತೆ ಮನೆಯವರಿಗೆ ಹೇಳಿ ಕಳುಹಿಸುತ್ತೇನೆ.